ಸಾಲುಗಳ ನಡುವಿನ ಜಾಗ: ಕಲ್ಲಿನಿಂದ ಕಂಪ್ಯೂಟರಿನವರೆಗೆ

ಪುಸ್ತಕದ ಪುಟ ತೆರೆದವರು ಅಕ್ಷರಗಳನ್ನು ಓದುತ್ತಾರೆ. ಸಾಲು ಸಾಲಿನ ನಡುವೆ ಇರುವ ಬಿಳಿಯ ಪಟ್ಟಿಯನ್ನು ಯಾರೂ ಗಮನಿಸುವುದಿಲ್ಲ. ಅದು ಒಂದೇ ಅಳತೆಯಲ್ಲಿ ಇರುವವರೆಗೆ ಗಮನಿಸುವ ಅಗತ್ಯವೂ ಬೀಳುವುದಿಲ್ಲ. ಆದರೆ ಒಂದು ಸಾಲು ಮೇಲಿನದಕ್ಕೆ ಅಂಟಿಕೊಂಡು, ಮುಂದಿನದು ದೂರ ಸರಿದು ನಿಂತರೆ ಕಣ್ಣು ತಟ್ಟನೆ ಎಡವುತ್ತದೆ.

ಕಂಪ್ಯೂಟರಿನಲ್ಲಿ ಕನ್ನಡ ಪತ್ರ, ವರದಿ, ಪ್ರಬಂಧಗಳನ್ನು ಸಿದ್ಧಪಡಿಸುವವರಿಗೆ ಇದು ನಿತ್ಯದ ತಲೆನೋವು. ನಡುವೆ ಒಂದು ಇಂಗ್ಲಿಷ್ ಪದ ಬಂದರೆ ಆ ಸಾಲು ಮಾತ್ರ ಹಿಗ್ಗುತ್ತದೆ. ಅಂತರವನ್ನು ಬಿಗಿ ಮಾಡಲು ಹೋದರೆ ಅಕ್ಷರದ ತಲೆಯೋ ಅಡಿಯ ಒತ್ತೋ ಕತ್ತರಿಸಿಹೋಗುತ್ತದೆ. ಇದು ಬರಿಯ ಅಂದಚಂದದ ಪ್ರಶ್ನೆಯಲ್ಲ. ಒತ್ತು ಕಳೆದುಕೊಂಡ ‘ಕತ್ತೆ’ ಕತೆಯಾಗುತ್ತದೆ, ‘ಹಳ್ಳಿ’ ಹಳಿಯಾಗುತ್ತದೆ. ಅಪ್ಪ, ಅಮ್ಮ, ಅಕ್ಕ, ಅಣ್ಣ ಯಾರೂ ಉಳಿಯುವುದಿಲ್ಲ. ‘ಕನ್ನಡ’ ಎಂಬ ಹೆಸರಿನಲ್ಲೇ ಒಂದು ಒತ್ತು ಇದೆ. ಅರ್ಜಿಯಲ್ಲಿ, ಅಂಕಪಟ್ಟಿಯಲ್ಲಿ, ಜಮೀನಿನ ದಾಖಲೆಯಲ್ಲಿ ವ್ಯಕ್ತಿಯ ಹೆಸರಿನ ಒತ್ತು ಹೀಗೆ ಮಾಯವಾದರೆ ಅದರ ಪರಿಣಾಮ ಏನೆಂದು ವಿವರಿಸಬೇಕಾಗಿಲ್ಲ.

ಸಾಲುಗಳನ್ನು ಸಮನಾಗಿ ಇಡುವ ಈ ಕೆಲಸಕ್ಕೆ ದೀರ್ಘ ಇತಿಹಾಸವಿದೆ. ಅದನ್ನು ನೋಡಿದರೆ ಇಂದಿನ ತೊಡಕಿನ ಮೂಲ ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಗೆರೆ, ಗರಿ ಮತ್ತು ದಾರ

ಕಲ್ಲಿನ ಮೇಲೆ ಕೊರೆದ ಅಕ್ಷರವನ್ನು ಅಳಿಸಿ ಬರೆಯುವಂತಿಲ್ಲ. ಆದ್ದರಿಂದ ಉಳಿ ಹಿಡಿಯುವ ಮುನ್ನವೇ ಸಾಲುಗಳ ಲೆಕ್ಕ ಸಿದ್ಧವಾಗಬೇಕಿತ್ತು. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ನಂತರದ ಶತಮಾನಗಳ ಕೆಲವು ಶಾಸನಗಳಲ್ಲಿ ಸಾಲು ಸಾಲಿನ ನಡುವೆ ಅಡ್ಡಲಾಗಿ ಕೊರೆದ ಗೆರೆಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಅಕ್ಷರ ಎಲ್ಲಿ ನಿಲ್ಲಬೇಕು, ಎಲ್ಲಿಗೆ ಮುಗಿಯಬೇಕು ಎಂಬ ಮಿತಿಯನ್ನು ಆ ಗೆರೆಗಳು ಹಾಕಿಕೊಟ್ಟವು.

ಓಲೆಗರಿಯ ಲಿಪಿಕಾರನಿಗೆ ಗರಿಯೇ ದಾರಿ ತೋರಿಸುತ್ತಿತ್ತು. ತಾಳೆಗರಿಯ ಎಳೆಗಳು ಉದ್ದಕ್ಕೆ ಸಾಗುತ್ತವೆ. ಕಂಠದ ಮೊನೆ ಆ ಎಳೆಗಳ ಗುಂಟ ಸಾಗಿದರೆ ಸಾಲು ನೆಟ್ಟಗೆ ಬರುತ್ತದೆ. ಅಡ್ಡಗೆರೆ ಎಳೆದರೆ ಗರಿ ಸೀಳಬಹುದಾದ್ದರಿಂದಲೇ ದಕ್ಷಿಣದ ಲಿಪಿಗಳು ದುಂಡಗಾದವು ಎಂದು ಹೇಳುವುದುಂಟು. ಗರಿಯ ಅಗಲ ಕೆಲವೇ ಅಂಗುಲ. ಅದರಲ್ಲಿ ಐದಾರು ಸಾಲು ಹಿಡಿಸಬೇಕು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲಬಾರದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿದಳೆಂಬ ಮಾತು ಪ್ರಸಿದ್ಧವಾಗಿದೆ. ಅಷ್ಟೂ ಗರಿಗಳಲ್ಲಿ ಈ ಅಂತರವನ್ನು ಕಾಯ್ದದ್ದು ಲಿಪಿಕಾರರ ಕಣ್ಣು ಮತ್ತು ಕೈ.

ಕಾಗದ ಬಂದ ಮೇಲೆ ಇದಕ್ಕೆ ಉಪಕರಣಗಳೂ ಬಂದವು. ಪರ್ಷಿಯಾದಿಂದ ಭಾರತದವರೆಗೆ ಹಸ್ತಪ್ರತಿ ಬರೆಯುವವರು ‘ಮಿಸ್ತರ್’ ಎಂಬ ಹಲಗೆಯನ್ನು ಬಳಸುತ್ತಿದ್ದರು. ಹಲಗೆ ಅಥವಾ ದಪ್ಪ ರಟ್ಟಿನ ಮೇಲೆ ಸಮ ಅಂತರದಲ್ಲಿ ದಾರಗಳನ್ನು ಬಿಗಿದು ಕಟ್ಟಿರುತ್ತಿತ್ತು. ಕಾಗದವನ್ನು ಅದರ ಮೇಲಿಟ್ಟು ಬೆರಳಿನಿಂದ ಒತ್ತಿ ಉಜ್ಜಿದರೆ ದಾರದ ಗುರುತು ಮೂಡುತ್ತಿತ್ತು. ಮಸಿ ಇಲ್ಲದ ಆ ಗೆರೆಯ ಮೇಲೆ ಬರೆದರಾಯಿತು. ಪುಸ್ತಕದ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಅಂತರ ಒಂದೇ. ಯುರೋಪಿನ ಮಠಗಳಲ್ಲಿ ಚರ್ಮದ ಹಾಳೆಯ ಅಂಚಿನಲ್ಲಿ ಸೂಜಿಯಿಂದ ಸಣ್ಣ ತೂತುಗಳನ್ನು ಚುಚ್ಚಿ, ಅವುಗಳನ್ನು ಸೇರಿಸಿ ಗೆರೆ ಎಳೆಯುತ್ತಿದ್ದರು.

ಸೀಸದ ಪಟ್ಟಿ

ಅಚ್ಚುಮೊಳೆ ಬಂದಾಗ ಅಂತರ ಎಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತುವಾಯಿತು. ಪ್ರತಿ ಮೊಳೆಗೂ ಒಂದು ಲೋಹದ ದೇಹ. ಅದರ ನೆತ್ತಿಯ ಮೇಲೆ ಉಬ್ಬಿದ ಅಕ್ಷರ. ಅಕ್ಷರ ಚಿಕ್ಕದಿರಲಿ ದೊಡ್ಡದಿರಲಿ, ಒಂದು ಅಳತೆಯ ಎಲ್ಲ ಮೊಳೆಗಳ ದೇಹವೂ ಸಮಾನ ಎತ್ತರದ್ದು. ಮೊಳೆಗಳನ್ನು ಸಾಲಾಗಿ ಜೋಡಿಸಿ, ಸಾಲಿನ ಕೆಳಗೆ ಸಾಲು ಇಟ್ಟರೆ ಅಂತರ ತಾನಾಗಿಯೇ ಸಮನಾಗುತ್ತದೆ. ಇನ್ನೂ ಬಿಡುವು ಬೇಕೆಂದರೆ ನಡುವೆ ತೆಳುವಾದ ಸೀಸದ ಪಟ್ಟಿ ಇಡುತ್ತಿದ್ದರು. ಸೀಸಕ್ಕೆ ಇಂಗ್ಲಿಷಿನಲ್ಲಿ ‘ಲೆಡ್’ ಎನ್ನುತ್ತಾರಾದ್ದರಿಂದ ಆ ಅಂತರಕ್ಕೆ ‘ಲೆಡಿಂಗ್’ ಎಂಬ ಹೆಸರು ಬಂತು. ಸೀಸ ಹೋಗಿ ಎಷ್ಟೋ ಕಾಲವಾದರೂ ಕಂಪ್ಯೂಟರಿನ ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಅದೇ ಹೆಸರು ಉಳಿದುಕೊಂಡಿದೆ.

ಅಂತರದಲ್ಲಿ ಹಣದ ಲೆಕ್ಕವೂ ಅಡಗಿದೆ. ಸುಮಾರು 1455ರಲ್ಲಿ ಮುಗಿದ ಗುಟೆನ್‌ಬರ್ಗ್‌ನ ಬೈಬಲ್ಲಿಗೆ ‘42 ಸಾಲಿನ ಬೈಬಲ್’ ಎಂಬ ಹೆಸರಿದೆ. ಆದರೆ ಅದರ ಆರಂಭದ ಪುಟಗಳಲ್ಲಿ ಇರುವುದು 40 ಸಾಲು. ಆಮೇಲೆ ಒಂದು ಪುಟದಲ್ಲಿ 41, ಅಲ್ಲಿಂದ ಮುಂದೆ 42. ಅಕ್ಷರದ ಗಾತ್ರ ಅದೇ. ಮೊಳೆಯ ದೇಹವನ್ನು ತುಸು ಕುಗ್ಗಿಸಿ, ಸಾಲುಗಳನ್ನು ಹತ್ತಿರ ತಂದು, ಅದೇ ಎತ್ತರದಲ್ಲಿ ಎರಡು ಸಾಲು ಹೆಚ್ಚಿಗೆ ಹಿಡಿಸಿದರು. ಕಾಗದದ ಉಳಿತಾಯವೇ ಇದಕ್ಕೆ ಕಾರಣವಿರಬೇಕೆಂದು ವಿದ್ವಾಂಸರ ಊಹೆ. ಮುಂದೆ ಈ ಅಳತೆಗೆ ‘ಪಾಯಿಂಟ್’ ಎಂಬ ಮಾನ ಬಂತು. 1737ರಲ್ಲಿ ಫ್ರಾನ್ಸಿನ ಫೂರ್ನಿಯೆ ಅದಕ್ಕೆ ಅಡಿಪಾಯ ಹಾಕಿದ. ಇಂದಿನ ಕಂಪ್ಯೂಟರುಗಳಲ್ಲಿ ಒಂದು ಅಂಗುಲಕ್ಕೆ 72 ಪಾಯಿಂಟುಗಳು.

ಒತ್ತಕ್ಷರದ ಮನೆ

ಕನ್ನಡ ಅಚ್ಚಿಗೆ ಬಂದಾಗ ರೋಮನ್ ಲಿಪಿಗೆ ಇಲ್ಲದ ಒಂದು ಸಮಸ್ಯೆ ಎದುರಾಯಿತು. ಶಾಲಾ ಮಕ್ಕಳ ಕಾಪಿ ಪುಸ್ತಕಗಳನ್ನು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕ. ಮೇಲಕ್ಕೆ ಏರುವ ಅಕ್ಷರಕ್ಕೆ ಒಂದು ಅಂತಸ್ತು, ನಡುವಿನದಕ್ಕೆ ಒಂದು, ಕೆಳಕ್ಕೆ ಇಳಿಯುವುದಕ್ಕೆ ಒಂದು. ಎಲ್ಲ ಅಕ್ಷರಗಳೂ ಆ ಗೆರೆಗಳ ಒಳಗೇ ಮುಗಿಯುತ್ತವೆ. ಕನ್ನಡಕ್ಕೆ ಎರಡು ಗೆರೆಯ ಪುಸ್ತಕ. ಮೂಲ ಅಕ್ಷರ ಎರಡು ಗೆರೆಗಳ ನಡುವೆ ಕೂರುತ್ತದೆ. ಒತ್ತಕ್ಷರಕ್ಕೆ ಗೆರೆಯೇ ಇಲ್ಲ. ಎರಡು ಜೋಡಿಗೆರೆಗಳ ನಡುವೆ ಬಿಟ್ಟ ಖಾಲಿ ಜಾಗವೇ ಅದರ ಮನೆ.

ಇಂಗ್ಲಿಷಿನಲ್ಲಿ ಸಾಲುಗಳ ನಡುವಿನ ಜಾಗ ನಿಜಕ್ಕೂ ಖಾಲಿ. ಕನ್ನಡದಲ್ಲಿ ಅದು ಅಕ್ಷರ ವಾಸಿಸುವ ಜಾಗ. ‘ಮರ’, ‘ಮನೆ’ ಎಂಬ ಪದಗಳ ಅಡಿಯಲ್ಲಿ ಏನೂ ಇಲ್ಲ. ‘ಅಜ್ಜ’ನ ಅಡಿಯಲ್ಲಿ ಒಂದು ಒತ್ತು. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ವಾತಂತ್ರ್ಯ’ಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ‘ಕೃಷಿ’ಯಲ್ಲಿ ವಟ್ರಸುಳಿ ಕೆಳಗೆ ಇಳಿಯುತ್ತದೆ. ಮುಂದಿನ ಸಾಲಿನಿಂದ ತಲೆಕಟ್ಟು, ಗುಡಿಸುಗಳು ಮೇಲಕ್ಕೆ ಏಳುತ್ತವೆ. ಇವೆರಡೂ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದೇ ಕನ್ನಡದಲ್ಲಿ ಸಾಲಂತರದ ಕೆಲಸ.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಇಂಗ್ಲಿಷ್ ವಿವರಣೆಯ ನಡುವೆ ಕನ್ನಡ ಅಕ್ಷರಗಳನ್ನು ಜೋಡಿಸಬೇಕಾದ ಪುಸ್ತಕ ಅದು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಆರಂಭಿಸಿದ್ದು ಕಲ್ಲಚ್ಚಿನ ಮುದ್ರಣಾಲಯ. ಕಲ್ಲಚ್ಚಿನಲ್ಲಿ ಮೊಳೆಯ ಹಂಗಿಲ್ಲ. ಕೈಬರಹವೇ ಕಲ್ಲಿನ ಮೇಲೆ ಮೂಡಿ ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಹೀಗೆ ಅಚ್ಚಾದದ್ದು. ಕನ್ನಡದ ಮೊದಲ ಪತ್ರಿಕೆಯ ಸಾಲುಗಳ ಅಂತರ ಬರೆದವನ ಕೈಯಳತೆಗೆ ಬಿಟ್ಟಿತ್ತು.

ಮೊಳೆಯಲ್ಲಿ ಈ ಸಮಸ್ಯೆಯನ್ನು ಎಷ್ಟು ಚೆನ್ನಾಗಿ ನಿಭಾಯಿಸಬಹುದು ಎಂಬುದಕ್ಕೆ 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ನಿಘಂಟು ಸಾಕ್ಷಿ. ಸುಮಾರು 70,000 ಪದಗಳ ಆ ಕೃತಿಯಲ್ಲಿ ಕನ್ನಡ ಪದದ ಪಕ್ಕದಲ್ಲೇ ಇಂಗ್ಲಿಷ್ ಅರ್ಥ. ಪುಟ ಪುಟದಲ್ಲೂ ಒಂದೇ ಸಾಲಿನಲ್ಲಿ ಎರಡು ಲಿಪಿ. ಇಂದು ವರ್ಡ್ ಪ್ರೊಸೆಸರುಗಳು ಎಡವುವುದು ಇಂಥ ಸಾಲಿನಲ್ಲೇ. ಆದರೆ ಮೊಳೆ ಜೋಡಿಸುವವರಿಗೆ ಸಾಲು ಹಿಗ್ಗಲು ಬಿಡುವ ಸ್ವಾತಂತ್ರ್ಯವೇ ಇರಲಿಲ್ಲ. ಒಂದು ಸಾಲಿನೊಳಗೆ ಬೇರೆ ಬೇರೆ ಎತ್ತರದ ಮೊಳೆಗಳು ಬಂದರೆ ಚಿಕ್ಕದರ ಮೇಲೂ ಕೆಳಗೂ ಲೋಹದ ಚೂರುಗಳನ್ನು ತುಂಬಿ ಸರಿದೂಗಿಸಲೇಬೇಕು. ಇಲ್ಲದಿದ್ದರೆ ಚೌಕಟ್ಟು ಬಿಗಿಯಾಗುವುದಿಲ್ಲ, ಎತ್ತಿದ ಕೂಡಲೇ ಮೊಳೆಗಳು ಉದುರಿಹೋಗುತ್ತವೆ. ಅಲ್ಲಿ ಸಾಲಿನ ಸಮತೆ ಅಭಿರುಚಿಯ ವಿಷಯವಾಗಿರಲಿಲ್ಲ. ಅದಿಲ್ಲದೆ ಮುದ್ರಣವೇ ಸಾಧ್ಯವಿರಲಿಲ್ಲ.

ಹಲ್ಲುಚಕ್ರದ ಲೆಕ್ಕ

1874ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಶೋಲ್ಸ್ ಮತ್ತು ಗ್ಲಿಡನ್ ಬೆರಳಚ್ಚು ಯಂತ್ರ ಕಚೇರಿಗಳ ಮುಖವನ್ನೇ ಬದಲಿಸಿದ ಯಂತ್ರಗಳ ಸಾಲಿಗೆ ನಾಂದಿ ಹಾಡಿತು. ಬೆರಳಚ್ಚು ಯಂತ್ರದಲ್ಲಿ ಕಾಗದ ಸುತ್ತಿಕೊಳ್ಳುವ ರಬ್ಬರ್ ಉರುಳೆಯ ತುದಿಗೆ ಒಂದು ಹಲ್ಲುಚಕ್ರವಿರುತ್ತದೆ. ಸನ್ನೆ ತಳ್ಳಿದಾಗ ಚಕ್ರ ಎಷ್ಟು ಹಲ್ಲು ಸರಿಯುತ್ತದೋ ಕಾಗದವೂ ಅಷ್ಟೇ ಸರಿಯುತ್ತದೆ. ಸಾಮಾನ್ಯವಾಗಿ ಅಂಗುಲಕ್ಕೆ ಆರು ಸಾಲು. ಅದೇ ‘ಸಿಂಗಲ್ ಸ್ಪೇಸ್’. ಅಂಗುಲಕ್ಕೆ ಮೂರಾದರೆ ‘ಡಬಲ್ ಸ್ಪೇಸ್’. ನಡುವಿನದು ಒಂದೂವರೆ. ತಿದ್ದುವವರಿಗೆ ಸಾಲುಗಳ ನಡುವೆ ಬರೆಯಲು ಜಾಗ ಬೇಕೆಂಬ ಕಾರಣಕ್ಕೆ ಪ್ರಬಂಧ, ಹಸ್ತಪ್ರತಿ, ನ್ಯಾಯಾಲಯದ ಕಾಗದಗಳಿಗೆ ಎರಡರ ಅಂತರ ರೂಢಿಯಾಯಿತು.

ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದ ಕೀರ್ತಿ ಅನಂತ ಸುಬ್ಬರಾಯರಿಗೆ ಸಲ್ಲುತ್ತದೆ. ನೂರಾರು ಸಂಯುಕ್ತಾಕ್ಷರಗಳ ಲಿಪಿಯನ್ನು ಕೆಲವೇ ಡಜನ್ ಕೀಲಿಗಳಿಗೆ ಇಳಿಸುವುದು ಸಾಹಸವೇ. ಅಕ್ಷರವನ್ನೂ ಒತ್ತನ್ನೂ ಬೇರೆ ಬೇರೆ ಕೀಲಿಗಳಿಂದ ಮೂಡಿಸಿದಾಗ ಬೆರಳಚ್ಚಿನ ಕನ್ನಡ ಸ್ವಲ್ಪ ಒರಟಾಗಿ ಕಂಡದ್ದು ನಿಜ. ಆದರೂ ಸಾಲುಗಳ ಅಂತರ ಮಾತ್ರ ಕದಲಲಿಲ್ಲ. ಹಲ್ಲುಚಕ್ರಕ್ಕೆ ಕಾಗದದ ಮೇಲೆ ಬಿದ್ದದ್ದು ‘ಮರ’ವೋ ‘ರಾಷ್ಟ್ರ’ವೋ ಗೊತ್ತಿರಲಿಲ್ಲ.

ಬೆರಳಚ್ಚಿನ ಪದಗಳು ಈಗಲೂ ಕಾನೂನಿನಲ್ಲಿ ಜೀವಂತವಾಗಿವೆ. 2020ರಲ್ಲಿ ಸುಪ್ರೀಂ ಕೋರ್ಟ್ ತನ್ನ ಮುಂದೆ ಬರುವ ಕಾಗದಪತ್ರಗಳಿಗೆ ಎ-4 ಹಾಳೆಯ ಎರಡೂ ಬದಿ ಬಳಸಬೇಕೆಂದು ಹೇಳಿದಾಗ, ಅಕ್ಷರದ ಗಾತ್ರ 14, ಸಾಲಂತರ ಒಂದೂವರೆ ಎಂದೂ ನಿಗದಿ ಮಾಡಿತು.

ಪರದೆಯ ಮೇಲೆ

ಕಂಪ್ಯೂಟರ್ ಬಂದಾಗ ಮೊಳೆಯ ದೇಹವೂ ಹಲ್ಲುಚಕ್ರವೂ ಮಾಯವಾದವು. ಅಂತರ ಬರಿಯ ಸಂಖ್ಯೆಯಾಯಿತು. ಆ ಸಂಖ್ಯೆಯನ್ನು ಯಾರು, ಹೇಗೆ ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಬಂದವು.

ಒಂದು, ಅಮೆರಿಕದ ಗಣಿತಜ್ಞ ಡೊನಾಲ್ಡ್ ನೂತ್ ಅವರದು. ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚಿನ ಗುಣಮಟ್ಟ ಕಂಡು ಬೇಸತ್ತ ಅವರು 1977ರಲ್ಲಿ ‘ಟೆಕ್’ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ರೂಪಿಸಲು ಕುಳಿತರು. ಟೆಕ್ ಮೊದಲು ಎಲ್ಲ ಸಾಲುಗಳನ್ನೂ ನಿಗದಿಯಾದ ಅಂತರದಲ್ಲಿ ಇಡುತ್ತದೆ. ಬಳಿಕ ಆ ಸಾಲಿನಲ್ಲಿ ನಿಜವಾಗಿ ಇರುವ ಅಕ್ಷರಗಳ ಎತ್ತರ ನೋಡುತ್ತದೆ. ಎರಡು ಸಾಲುಗಳು ತೀರ ಹತ್ತಿರ ಬಂದು ತಾಗುವಂತಿದ್ದರೆ ಮಾತ್ರ ಅಲ್ಲಿ ಸ್ವಲ್ಪ ಜಾಗ ಬಿಡಿಸುತ್ತದೆ.

ಇನ್ನೊಂದು, ಕಚೇರಿಗಳಲ್ಲಿ ಬಳಕೆಯಾಗುವ ವರ್ಡ್ ಪ್ರೊಸೆಸರುಗಳದು. 1974ರಲ್ಲಿ ಜೆರಾಕ್ಸ್ ಸಂಶೋಧನಾಲಯದಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೋನಿ ‘ಬ್ರಾವೋ’ ಎಂಬ ತಂತ್ರಾಂಶ ರೂಪಿಸಿದರು. ಕಾಗದದ ಮೇಲೆ ಹೇಗೆ ಬರುತ್ತದೋ ಪರದೆಯ ಮೇಲೂ ಹಾಗೇ ಕಾಣುವ ಪದ್ಧತಿ ಅದರದು. ಸಿಮೋನಿ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ ‘ವರ್ಡ್’ ಹೊರಬಂತು. ಇದರಲ್ಲಿ ‘ಸಿಂಗಲ್’ ಎಂದರೆ ಅಂಗುಲಕ್ಕೆ ಆರು ಸಾಲು ಎಂಬ ಹಳೆಯ ಅರ್ಥ ಉಳಿಯಲಿಲ್ಲ. ಸಾಲಿನಲ್ಲಿ ಬಳಕೆಯಾದ ಫಾಂಟ್ ತನಗೆ ಎಷ್ಟು ಎತ್ತರ, ಎಷ್ಟು ಆಳ ಬೇಕೆಂದು ಹೇಳಿಕೊಂಡಿದೆಯೋ ಅಷ್ಟು. ಒಂದೇ ಸಾಲಿನಲ್ಲಿ ಎರಡು ಫಾಂಟುಗಳಿದ್ದರೆ ಇಬ್ಬರಲ್ಲಿ ದೊಡ್ಡವರ ಮಾತು ನಡೆಯುತ್ತದೆ. ಕನ್ನಡ ಸಾಲಿನೊಳಗೆ ಇಂಗ್ಲಿಷ್ ಪದ ಬಂದಾಗ, ಅಥವಾ ಕಣ್ಣಿಗೆ ಕಾಣದ ಖಾಲಿ ಜಾಗವೊಂದು ಬೇರೆ ಫಾಂಟಿನಲ್ಲಿ ಉಳಿದುಕೊಂಡಾಗ ಆ ಸಾಲು ಮಾತ್ರ ಹಿಗ್ಗುವುದು ಇದರಿಂದಲೇ.

ಹೀಗಾಗಿ ಕನ್ನಡ ಫಾಂಟ್ ಮಾಡುವವರಿಗೆ ಇಬ್ಬಂದಿ. ಎರಡು ಒತ್ತುಗಳ ಆಳವನ್ನು ಲೆಕ್ಕಕ್ಕೆ ಹಿಡಿದರೆ ‘ಮರ’, ‘ಮನೆ’ ಮಾತ್ರ ಇರುವ ಸಾಲಿನಲ್ಲೂ ಅಷ್ಟು ಜಾಗ ಬಿಡಬೇಕು. ಪುಟ ಜೊಳ್ಳಾಗಿ ಕಾಣುತ್ತದೆ. ಹಿಡಿಯದಿದ್ದರೆ ‘ರಾಷ್ಟ್ರ’ದ ಅಡಿ ಕತ್ತರಿಸಿಹೋಗುತ್ತದೆ. ಮೂರನೆಯ ದಾರಿ, ಮೂಲ ಅಕ್ಷರವನ್ನೇ ಸಣ್ಣದು ಮಾಡಿ ಎಲ್ಲವನ್ನೂ ಒಳಗೆ ಹಿಡಿಸುವುದು. ಒಂದೇ 12 ಪಾಯಿಂಟಿನ ಕನ್ನಡ ಅಕ್ಷರ ಒಂದು ಫಾಂಟಿನಲ್ಲಿ ದೊಡ್ಡದಾಗಿ, ಇನ್ನೊಂದರಲ್ಲಿ ಪುಟ್ಟದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನೂ ಒಂದು ತೊಡಕಿದೆ. ಇಂದಿನ ಫಾಂಟಿನೊಳಗೆ ಎತ್ತರ ಮತ್ತು ಆಳವನ್ನು ಹೇಳುವ ಸಂಖ್ಯೆಗಳು ಒಂದಲ್ಲ, ಮೂರು ಜೊತೆ ಇರುತ್ತವೆ. ಆಪಲ್ ಮತ್ತು ಮೈಕ್ರೋಸಾಫ್ಟ್ ಬೇರೆ ಬೇರೆ ದಾರಿ ಹಿಡಿದ ಇತಿಹಾಸದ ಫಲ ಇದು. ಯಾವ ತಂತ್ರಾಂಶ ಯಾವ ಜೊತೆಯನ್ನು ನೋಡುತ್ತದೆ ಎಂಬುದು ಬದಲಾಗುವುದರಿಂದ, ಒಂದು ಯಂತ್ರದಲ್ಲಿ ಅಚ್ಚುಕಟ್ಟಾಗಿದ್ದ ಕಡತ ಇನ್ನೊಂದರಲ್ಲಿ ತೆರೆದಾಗ ಪುಟಗಳ ಸಂಖ್ಯೆಯೇ ಹೆಚ್ಚಬಹುದು.

ಕಂಪ್ಯೂಟರಿಗೆ ಕನ್ನಡ ಕಲಿಸಿದವರು ಈ ತೊಡಕುಗಳ ನಡುವೆಯೇ ಕೆಲಸ ಮಾಡಿದರು. ಕೆ.ಪಿ. ರಾವ್ ಅವರ ‘ಸೇಡಿಯಾಪು’, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆ ದಾರಿಯ ಮೈಲಿಗಲ್ಲುಗಳು. 1991ರ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ‘ತುಂಗಾ’ ಎಂಬ ಫಾಂಟ್ ಬಂತು. ಕನ್ನಡದ ಅಕ್ಷರಗಳಿಗೆ ಜಗತ್ತಿನ ಎಲ್ಲೆಡೆ ಒಂದೇ ಸಂಕೇತ ಇರಬೇಕೆಂಬುದನ್ನು ಯೂನಿಕೋಡ್ ಇತ್ಯರ್ಥಪಡಿಸಿತು. ಆ ಅಕ್ಷರದ ಅಡಿಯಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಆ ಮಾತು ಫಾಂಟಿಗೂ ತಂತ್ರಾಂಶಕ್ಕೂ ಉಳಿಯಿತು.

ತಂತ್ರಾಂಶದ ಮೊದಲ ಅಳತೆಗಳೂ ಸ್ಥಿರವಲ್ಲ. 2007ರ ವರ್ಡ್ ಆವೃತ್ತಿ ಒಂದರ ಬದಲು 1.15ರ ಅಂತರವನ್ನು ತಾನೇ ಇಟ್ಟುಕೊಂಡು ಬಂತು, 2013ರದು 1.08ಕ್ಕೆ ಇಳಿಸಿತು. ಪರದೆಯ ಮೇಲೆ ಇಂಗ್ಲಿಷ್ ಹೇಗೆ ಕಾಣುತ್ತದೆ ಎಂಬ ಲೆಕ್ಕದ ಮೇಲೆ ನಿಂತ ಈ ಅಂಕಿಗಳು ಕನ್ನಡ ಕಡತಗಳಿಗೂ ಹಾಗೆಯೇ ಅನ್ವಯವಾದವು.

ಕೈಯಲ್ಲಿರುವ ಪರಿಹಾರ

ಹಾಗಾದರೆ ಕನ್ನಡ ಕಡತದ ಸಾಲುಗಳನ್ನು ಸಮನಾಗಿ ಇಡುವುದು ಹೇಗೆ? ಮೊಳೆ ಜೋಡಿಸುವವರ ವಿಧಾನವನ್ನೇ ಅನುಸರಿಸಬಹುದು: ಎಲ್ಲ ಸಾಲಿಗೂ ಒಂದೇ ದೇಹ. ವರ್ಡ್ ಮೊದಲಾದವುಗಳಲ್ಲಿ ಸಾಲಂತರದ ಪಟ್ಟಿಯಲ್ಲಿ ‘ಸಿಂಗಲ್’, ‘ಮಲ್ಟಿಪಲ್’ಗಳ ಜೊತೆ ‘ಎಗ್ಸಾಕ್ಟ್ಲಿ’ ಎಂಬ ಆಯ್ಕೆ ಇರುತ್ತದೆ. ಅಲ್ಲಿ ಪಾಯಿಂಟಿನ ಲೆಕ್ಕದಲ್ಲಿ ಒಂದು ಸಂಖ್ಯೆ ಕೊಟ್ಟರೆ ಯಾವ ಫಾಂಟ್ ಬಂದರೂ ಅಂತರ ಕದಲುವುದಿಲ್ಲ. 12 ಪಾಯಿಂಟಿನ ಅಕ್ಷರಕ್ಕೆ 18 ಅಥವಾ 20ರಿಂದ ಆರಂಭಿಸಿ ನೋಡಬಹುದು. ಆದರೆ ಈ ಆಯ್ಕೆ ಅಳತೆ ಮೀರಿದ್ದನ್ನು ಮುಲಾಜಿಲ್ಲದೆ ಕತ್ತರಿಸುತ್ತದೆ. ಆದ್ದರಿಂದ ಸಂಖ್ಯೆ ಗೊತ್ತುಮಾಡುವ ಮುನ್ನ ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’, ‘ಸ್ವಾತಂತ್ರ್ಯ’ದಂಥ ಪದಗಳನ್ನು ಒಂದರ ಕೆಳಗೊಂದು ಬರೆದು, ಮುದ್ರಿಸಿ ನೋಡುವುದು ಒಳಿತು. ಅವು ಉಳಿದರೆ ಉಳಿದವೆಲ್ಲ ಉಳಿದಂತೆ.

ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಫಾಂಟ್ ಮತ್ತು ಗಾತ್ರವನ್ನು ಒಮ್ಮೆಗೇ ‘ಸ್ಟೈಲ್’ನಲ್ಲಿ ನಿಗದಿ ಮಾಡಿಕೊಂಡರೆ ದಾರಿ ತಪ್ಪಿದ ಖಾಲಿ ಜಾಗಗಳ ಕಾಟ ತಪ್ಪುತ್ತದೆ. ಪ್ಯಾರಾಗಳ ನಡುವೆ ಬಿಡುವು ಬೇಕಾದಾಗ ಎಂಟರ್ ಕೀಲಿಯನ್ನು ಮತ್ತೆ ಮತ್ತೆ ಒತ್ತುವ ಬದಲು ಪ್ಯಾರಾದ ನಂತರದ ಅಂತರವನ್ನು ಅಂಕಿಯಲ್ಲಿ ಕೊಡಬೇಕು. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿದರೆ ಅವರ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೂ ಪುಟ ಕೆಡುವುದಿಲ್ಲ. ಕೋಷ್ಟಕಗಳಲ್ಲಿ ಮನೆಯ ಎತ್ತರವನ್ನು ಬಿಗಿಯಾಗಿ ಕಟ್ಟಿಹಾಕಿದಾಗ ಒತ್ತುಗಳು ಮರೆಯಾಗುವುದು ಹೆಚ್ಚು. ಹೆಸರುಗಳ ಪಟ್ಟಿ ತಯಾರಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಳಸುವವರ ಎಚ್ಚರದಿಂದ ಮಾತ್ರ ಎಲ್ಲವೂ ಸರಿಹೋಗುವುದಿಲ್ಲ. ನಮೂನೆಗಳನ್ನು, ಮೊಬೈಲಿನ ಪರದೆಗಳನ್ನು, ಸರಕಾರಿ ದಾಖಲೆಗಳ ತಂತ್ರಾಂಶಗಳನ್ನು ರೂಪಿಸುವವರು ಇಂಗ್ಲಿಷ್ ಪದ ಹಿಡಿಸುವಷ್ಟು ಎತ್ತರದ ಪೆಟ್ಟಿಗೆ ಮಾಡಿ ಕನ್ನಡವನ್ನು ಅದರೊಳಗೆ ತುರುಕಿದರೆ ಒತ್ತು ಹೊರಗೇ ಉಳಿಯುತ್ತದೆ. ಪೆಟ್ಟಿಗೆಯ ಅಳತೆ ಗೊತ್ತುಮಾಡುವ ದಿನವೇ ಒಂದು ‘ರಾಷ್ಟ್ರ’ವನ್ನು ಅದರಲ್ಲಿ ಕೂರಿಸಿ ನೋಡಿದರೆ ಸಾಕು, ಮುಂದೆ ಸಾವಿರಾರು ಹೆಸರುಗಳು ತಪ್ಪಾಗುವುದು ತಪ್ಪುತ್ತದೆ.